ಜೇಮ್ಸ್ ಪ್ರಿನ್ಸೆಪ್: ಕಾಶಿಯ ನೆಲ, ನೀರು ಮತ್ತು ಲಿಪಿ

ಕನ್ನಡದ ಶಾಸನಶಾಸ್ತ್ರ ಪಠ್ಯಗಳಲ್ಲಿ ಜೇಮ್ಸ್ ಪ್ರಿನ್ಸೆಪ್‌ನ ಹೆಸರು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತದೆ. ೧೮೩೭ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದವನು ಎಂಬಲ್ಲಿಗೆ ಆತನ ಪರಿಚಯ ಮುಗಿಯುತ್ತದೆ. ಆ ಓದಿಗೆ ಮೊದಲು ಆತ ಕಾಶಿಯಲ್ಲಿ ಕಳೆದ ಹತ್ತು ವರ್ಷಗಳು, ಆ ನಗರದ ನೆಲ, ನೀರು, ಜನ ಮತ್ತು ಕಟ್ಟಡಗಳನ್ನು ಆತ ಅಳೆದು ದಾಖಲಿಸಿದ ಬಗೆ, ಆ ದಾಖಲೆಯ ಜೊತೆಜೊತೆಗೇ ನಗರದ ಜಲರಚನೆಯನ್ನು ಆತನೇ ಬದಲಿಸಿದ್ದು, ಇವು ನಮ್ಮ ಚರ್ಚೆಗಳಲ್ಲಿ ವಿರಳವಾಗಿ ಮಾತ್ರ ಕಾಣಿಸಿಕೊಂಡಿವೆ. ಕಾಶಿಯ ಭೂರಚನೆ ಮತ್ತು ಪುರಾತತ್ತ್ವಗಳ ಅಧ್ಯಯನಕ್ಕೆ ಆಧುನಿಕ ಅರ್ಥದಲ್ಲಿ ಮೊದಲ ತಳಹದಿ ಹಾಕಿದವನು ಪ್ರಿನ್ಸೆಪ್. ಆತನ ಬದುಕನ್ನು ಈ ದಿಕ್ಕಿನಿಂದ ನೋಡಿದಾಗ ಲಿಪಿಯ ಓದೂ ಬೇರೆಯಾಗಿ ಕಾಣುತ್ತದೆ.

ಪ್ರಿನ್ಸೆಪ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ೧೭೯೯ರ ಆಗಸ್ಟ್ ೨೦ರಂದು. ತಂದೆ ಜಾನ್ ಪ್ರಿನ್ಸೆಪ್ ಬಂಗಾಳದಲ್ಲಿ ನೀಲಿ ಬೆಳೆಯ ವ್ಯವಹಾರದಿಂದ ಹಣ ಗಳಿಸಿ ಊರಿಗೆ ಮರಳಿದ್ದವನು. ಮುಂದೆ ಆ ಸಂಪತ್ತಿನ ಬಹುಭಾಗವನ್ನು ಕಳೆದುಕೊಂಡನು. ದೊಡ್ಡ ಸಂಸಾರದ ಗಂಡುಮಕ್ಕಳಲ್ಲಿ ಹಲವರು ಭಾರತದ ದಾರಿ ಹಿಡಿದರು. ಜೇಮ್ಸ್‌ನ ಒಲವು ವಾಸ್ತುಶಿಲ್ಪದ ಕಡೆಗಿತ್ತು. ಅಗಸ್ಟಸ್ ಪ್ಯೂಜಿನ್ ಎಂಬ ಹೆಸರಾಂತ ವಾಸ್ತುಚಿತ್ರಕಾರನ ಬಳಿ ಆತ ಕೆಲಕಾಲ ಅಭ್ಯಾಸ ಮಾಡಿದನು. ಕಣ್ಣಿನ ತೊಂದರೆಯಿಂದ ಆ ವೃತ್ತಿಯನ್ನು ಬಿಡಬೇಕಾಗಿ ಬಂದು, ಲಂಡನ್ನಿನ ಟಂಕಸಾಲೆಯಲ್ಲಿ ಲೋಹಪರೀಕ್ಷೆಯ ತರಬೇತಿ ಪಡೆದನು. ಆತನ ಮುಂದಿನ ಕೆಲಸಕ್ಕೆಲ್ಲ ಈ ಎರಡು ಅಭ್ಯಾಸಗಳೇ ಬಂಡವಾಳ. ಕಂಡದ್ದನ್ನು ಪ್ರಮಾಣಬದ್ಧವಾಗಿ ಬರೆಯುವುದನ್ನು ಮೊದಲನೆಯದು ಕಲಿಸಿತು; ಬೆರೆತುಹೋದ ವಸ್ತುಗಳನ್ನು ಬೇರ್ಪಡಿಸಿ ಪ್ರತಿಯೊಂದರ ಪಾಲೆಷ್ಟೆಂದು ತೂಗುವುದನ್ನು ಎರಡನೆಯದು ಕಲಿಸಿತು. ಸಂಸ್ಕೃತವಾಗಲಿ ಪ್ರಾಕೃತವಾಗಲಿ ಆತನಿಗೆ ವ್ಯವಸ್ಥಿತವಾಗಿ ತಿಳಿದ ಭಾಷೆಗಳಲ್ಲ.

೧೮೧೯ರ ಸೆಪ್ಟೆಂಬರಿನಲ್ಲಿ ಕಲ್ಕತ್ತೆಗೆ ಬಂದಿಳಿದಾಗ ಪ್ರಿನ್ಸೆಪ್‌ಗೆ ಇಪ್ಪತ್ತು ವರ್ಷ. ಅಲ್ಲಿನ ಟಂಕಸಾಲೆಯಲ್ಲಿ ಆತನ ಮೇಲಧಿಕಾರಿ ಸಂಸ್ಕೃತ ವಿದ್ವಾಂಸ ಹೊರೇಸ್ ಹೇಮನ್ ವಿಲ್ಸನ್. ಮರುವರ್ಷವೇ ಪ್ರಿನ್ಸೆಪ್ ಕಾಶಿಯ ಟಂಕಸಾಲೆಗೆ ಲೋಹಪರೀಕ್ಷಕನಾಗಿ ನಿಯುಕ್ತನಾದನು. ೧೮೩೦ರಲ್ಲಿ ಕಂಪನಿ ಸರ್ಕಾರ ಆ ಟಂಕಸಾಲೆಯನ್ನು ಮುಚ್ಚುವವರೆಗೂ ಆತನ ವಾಸ ಕಾಶಿಯಲ್ಲೇ.

ಆತ ಕಂಡ ಕಾಶಿಯ ನೆಲೆಯನ್ನು ಸ್ವಲ್ಪ ವಿವರವಾಗಿ ಗಮನಿಸಬೇಕು. ಹಿಮಾಲಯದಿಂದ ಇಳಿದು ಆಗ್ನೇಯಕ್ಕೆ ಹರಿಯುವ ಗಂಗೆ ಕಾಶಿಯ ಬಳಿ ಬಿಲ್ಲಿನಂತೆ ಬಾಗಿ ಉತ್ತರಕ್ಕೆ ಮುಖ ಮಾಡುತ್ತದೆ. ಉತ್ತರವಾಹಿನಿಯಾದ ಈ ತಿರುವಿಗೆ ಪುರಾಣಗಳು ಕೊಟ್ಟ ಮಹತ್ತ್ವ ಎಲ್ಲರಿಗೂ ತಿಳಿದದ್ದೇ. ಭೂವಿಜ್ಞಾನದ ದೃಷ್ಟಿಯಿಂದ, ತಿರುವಿನ ಹೊರಮೈ ಆಗಿರುವ ಎಡದಂಡೆಯನ್ನು ನದಿ ಕೊರೆಯಬೇಕು. ಒಳಮೈಯ ಬಲದಂಡೆಯಲ್ಲಿ ಮರಳು ಕೂಡಬೇಕು. ಬಲದಂಡೆಯಲ್ಲಿ ಆಗಿರುವುದೂ ಅದೇ. ಬೇಸಗೆಯಲ್ಲಿ ಅಗಲವಾಗಿ ತೆರೆದುಕೊಳ್ಳುವ ಮರಳದಿಣ್ಣೆ ಮಳೆಗಾಲದಲ್ಲಿ ಮುಳುಗುವುದರಿಂದ ಅಲ್ಲಿ ನಗರ ಬೆಳೆಯಲಿಲ್ಲ. ಎಡದಂಡೆ ಮಾತ್ರ ಸುಲಭವಾಗಿ ಕುಸಿಯದೆ ನಿಂತಿದೆ. ಅಲ್ಲಿರುವುದು ಸುಣ್ಣಗಂಟುಗಳು, ಅಂದರೆ ಉತ್ತರದವರು ಕಂಕರ್ ಎಂದು ಕರೆಯುವ ಗುಂಡುಗಳು, ಸೇರಿ ಬಿಗಿದ ಗಡಸು ಜೇಡಿಯ ಎತ್ತರದ ಏಣು. ಘಟ್ಟಗಳ ಮೆಟ್ಟಿಲುಗಳು ಈ ಏಣಿಗೆ ತೊಡಿಸಿದ ಕಲ್ಲಿನ ಕವಚದಂತಿವೆ. ಕಲ್ಲಿನ ಬಹುಪಾಲು ಬಂದದ್ದು ನದಿಯ ಮೇಲುಭಾಗದ ಚುನಾರ್ ಪ್ರದೇಶದಿಂದ, ವಿಂಧ್ಯ ಶ್ರೇಣಿಯ ಮರಳುಗಲ್ಲಿನ ಗಣಿಗಳಿಂದ.

ಈ ಏಣಿನಿಂದ ಇನ್ನೊಂದು ಪರಿಣಾಮವೂ ಉಂಟು. ನದಿಯಂಚು ಎತ್ತರವಾಗಿದ್ದು ಅದರ ಹಿಂದಿನ ನೆಲ ಪಶ್ಚಿಮಕ್ಕೆ ಇಳಿಯುವುದರಿಂದ ನಗರದ ಮಳೆನೀರು ನೇರವಾಗಿ ಗಂಗೆಗೆ ಸೇರುವುದಿಲ್ಲ. ಅದು ತಗ್ಗುಗಳಲ್ಲಿ ನಿಂತು, ಕೆರೆಕುಂಡಗಳ ಸರಣಿಯಾಗಿ, ಉತ್ತರದ ವರಣಾ ನದಿಯ ಕಡೆಗೆ ಸಾಗುತ್ತಿತ್ತು. ಮತ್ಸ್ಯೋದರಿ, ಮಂದಾಕಿನಿ, ಬೇನಿಯಾ ಎಂಬ ಜಲಾಶಯಗಳು ಈ ಸರಣಿಯ ಮುಖ್ಯ ಕೊಂಡಿಗಳು. ಗಂಗೆಯ ಪ್ರವಾಹ ಹೆಚ್ಚಿದಾಗ ನೀರು ವರಣೆಯ ಮೂಲಕ ಹಿಮ್ಮುಖವಾಗಿ ಏರಿ ಮತ್ಸ್ಯೋದರಿಯನ್ನು ತುಂಬುತ್ತಿತ್ತು; ಓಂಕಾರೇಶ್ವರದ ದಿಬ್ಬ ಆಗ ನೀರಿನ ನಡುವೆ ನಿಲ್ಲುತ್ತಿತ್ತು. ಮತ್ಸ್ಯೋದರೀ ಯೋಗವೆಂದು ಕಾಶೀಮಾಹಾತ್ಮ್ಯ ಪರಂಪರೆ ಕೊಂಡಾಡುವ ಪುಣ್ಯಕಾಲ ಇದೇ. ಪುರಾಣದ ಕಲ್ಪನೆಯೆಂದು ಬದಿಗಿಡಬಹುದಾದ ಈ ವರ್ಣನೆಯ ಹಿಂದೆ ಪ್ರವಾಹಬಯಲಿನ ಖಚಿತವಾದ ಅವಲೋಕನವಿತ್ತೆಂಬುದು ಮಹತ್ತ್ವದ ವಿಷಯ.

ಪ್ರಿನ್ಸೆಪ್ ೧೮೨೨ರಲ್ಲಿ ನಗರವನ್ನು ಅಳತೆ ಮಾಡಿ ಸಿದ್ಧಪಡಿಸಿದ ನಕ್ಷೆಯಲ್ಲಿ ಈ ಜಲರಚನೆ ಉಳಿದುಕೊಂಡಿದೆ. ಬೀದಿ, ಘಟ್ಟ, ಮೊಹಲ್ಲಾಗಳ ಜೊತೆಗೆ ಕೆರೆ ಕುಂಡಗಳನ್ನೂ ಆತ ಗುರುತಿಸಿದನು. ಕಾಶಿಯ ಸ್ಥಳಪುರಾಣವನ್ನೂ ಭೂಗೋಳವನ್ನೂ ಜೋಡಿಸಿ ನೋಡಿದ ಇಪ್ಪತ್ತನೆಯ ಶತಮಾನದ ವಿದ್ವಾಂಸರಿಗೆ, ಮುಖ್ಯವಾಗಿ ಡಯಾನಾ ಎಕ್ ಮತ್ತು ರಾಣಾ ಪಿ.ಬಿ. ಸಿಂಗ್ ಅವರಿಗೆ, ಈ ನಕ್ಷೆ ಆಧಾರಸಾಮಗ್ರಿಯಾಗಿ ಒದಗಿತು. ಆದರೆ ಅದೇ ದಶಕದಲ್ಲಿ ನಗರದ ನೈರ್ಮಲ್ಯ ಕಾರ್ಯವೂ ಪ್ರಿನ್ಸೆಪ್‌ನ ಪಾಲಿಗೆ ಬಂದಿತು. ತಗ್ಗಿನಲ್ಲಿ ನಿಂತ ನೀರು ಜ್ವರದ ಮೂಲವೆಂಬುದು ಅಂದಿನ ವೈದ್ಯಕೀಯ ನಂಬಿಕೆ. ನದಿಯಂಚಿನ ಏಣೇ ನೀರಿಗೆ ಅಡ್ಡ ನಿಂತಿದೆ ಎಂಬುದನ್ನು ಅಳತೆಗಳಿಂದ ಅರಿತಿದ್ದ ಪ್ರಿನ್ಸೆಪ್ ಅದನ್ನು ಕೊರೆದು, ಕಿಕ್ಕಿರಿದ ಮನೆಗಳ ಅಡಿಯಲ್ಲೇ ಕಮಾನಿನ ಸುರಂಗ ಕಟ್ಟಿಸಿ, ಮತ್ಸ್ಯೋದರಿಯ ನೀರನ್ನು ಗಂಗೆಗೆ ಹರಿಸಿದನು. ತಂತ್ರಜ್ಞಾನದ ದೃಷ್ಟಿಯಿಂದ ಇದು ಅಸಾಮಾನ್ಯ ಸಾಧನೆ. ಮೇಲಿನ ಮನೆಗಳಿಗೆ ಹಾನಿಯಾಗದಂತೆ ಇಂಥ ಕೆಲಸ ನಡೆಸಲು ಮಣ್ಣಿನ ಪದರಗಳ ತಿಳಿವಳಿಕೆ ಬೇಕಾಗುತ್ತದೆ. ಅದರ ಫಲವಾಗಿ ಮತ್ಸ್ಯೋದರಿ ಕ್ರಮೇಣ ಕುಗ್ಗಿ ಮಛೋದರಿ ಎಂಬ ಉದ್ಯಾನದ ಹೆಸರಾಗಿ ಉಳಿಯಿತು. ಮಂದಾಕಿನಿ ಮೈದಾಗಿನ್ ಆಯಿತು. ಬೇನಿಯಾ ಬೇನಿಯಾಬಾಗ್ ಆಯಿತು. ಈ ರೂಪಾಂತರವೆಲ್ಲ ಒಬ್ಬನ ಕೈಯಿಂದ ಒಂದೇ ಕಾಲಕ್ಕೆ ಆದದ್ದಲ್ಲ, ಮುಂದಿನ ನಗರಾಡಳಿತಗಳ ಪಾಲೂ ಇದರಲ್ಲಿದೆ. ಆದರೂ ಮೊದಲ ಗುದ್ದಲಿ ಪ್ರಿನ್ಸೆಪ್‌ನದು. ಆತ ಬರೆದಿಟ್ಟ ಜಲರಚನೆ ಮುಖ್ಯವಾಗಿ ಆತನ ನಕ್ಷೆಯಲ್ಲಿ ಉಳಿಯಿತು, ನೆಲದ ಮೇಲೆ ಉಳಿಯಲಿಲ್ಲ. ವಸಾಹತುಶಾಹಿ ಜ್ಞಾನದ ಬಗೆಗಿನ ಚರ್ಚೆಗಳು ದಾಖಲೆ ಮತ್ತು ಅಧಿಕಾರದ ಸಂಬಂಧವನ್ನು ಸಾಮಾನ್ಯ ಸೂತ್ರವಾಗಿ ಹೇಳುತ್ತವೆ. ಇಲ್ಲಿ ಆ ಸಂಬಂಧ ಒಂದು ಕೆರೆಯ ಹೆಸರಿನಲ್ಲಿ ಸಿಗುತ್ತದೆ.

ಕಟ್ಟಡಗಳ ವಿಷಯದಲ್ಲೂ ನೆಲದ ಅರಿವು ಆತನಿಗೆ ನೆರವಾಯಿತು. ಪಂಚಗಂಗಾ ಘಟ್ಟದ ಮೇಲಿನ ಔರಂಗಜೇಬನ ಕಾಲದ ಮಸೀದಿಯ ಮಿನಾರುಗಳು ಶಿಥಿಲವಾಗಿ ಬೀಳುವ ಸ್ಥಿತಿಗೆ ಬಂದಾಗ ಅವುಗಳ ದುರಸ್ತಿಯನ್ನು ಪ್ರಿನ್ಸೆಪ್ ನಿರ್ವಹಿಸಿದನು. (ಅವುಗಳಲ್ಲಿ ಒಂದು ೧೯೪೮ರಲ್ಲಿ ಕುಸಿಯಿತು, ಇನ್ನೊಂದನ್ನು ಆಮೇಲೆ ಸುರಕ್ಷತೆಯ ಕಾರಣದಿಂದ ಇಳಿಸಲಾಯಿತು.) ಮುಟ್ಟಿದವರ ಪುಣ್ಯವನ್ನೆಲ್ಲ ಕಳೆಯುತ್ತದೆಂಬ ನಂಬಿಕೆಗೆ ಪಾತ್ರವಾದ ಕರ್ಮನಾಶಾ ನದಿಗೆ ಸೇತುವೆ ಕಟ್ಟಲು ಪುಣೆಯ ನಾನಾ ಫಡ್ನವೀಸನು ಹಿಂದೆ ಮಾಡಿದ್ದ ಪ್ರಯತ್ನ ಪೂರ್ಣಗೊಂಡಿರಲಿಲ್ಲ. ಕಾಶಿಯ ದಾನಿ ಪಟ್ನೀಮಲ್ಲನ ಹಣದಿಂದ, ಪ್ರಿನ್ಸೆಪ್‌ನ ಯೋಜನೆಯಂತೆ, ಅಲ್ಲಿ ಕಲ್ಲಿನ ಸೇತುವೆ ಎದ್ದಿತು. ಯಾತ್ರಿಕನ ಭಯ, ಶ್ರೀಮಂತನ ಧರ್ಮಬುದ್ಧಿ, ಪರದೇಶಿಯ ತಂತ್ರವಿದ್ಯೆ ಮೂರೂ ಆ ಸೇತುವೆಯಲ್ಲಿ ಕೂಡಿದ್ದವು.

ಜನಗಣತಿ ಇನ್ನೊಂದು ಸಂಗತಿ. ೧೮೦೦ರ ಸುಮಾರಿನಲ್ಲಿ ನಗರದ ಕೊತವಾಲನ ಲೆಕ್ಕ ಕಾಶಿಯ ಜನಸಂಖ್ಯೆಯನ್ನು ಐದೂವರೆ ಲಕ್ಷಕ್ಕೂ ಮೇಲೆಂದು ಹೇಳಿತ್ತು. ಮನೆಗಳ ವರ್ಗಕ್ಕೆ ತಕ್ಕಂತೆ ಇಷ್ಟಿಷ್ಟು ಜನರೆಂದು ಊಹಿಸಿ ಗುಣಿಸಿದ ಲೆಕ್ಕವದು. ಪ್ರಿನ್ಸೆಪ್ ೧೮೨೦ರ ದಶಕದ ಕೊನೆಯಲ್ಲಿ ಮೊಹಲ್ಲಾವಾರು ಎಣಿಕೆ ನಡೆಸಿದಾಗ ದೊರೆತ ಸಂಖ್ಯೆ ೧ ಲಕ್ಷದ ೮೦ ಸಾವಿರದಷ್ಟು. ಹಳೆಯ ಅಂದಾಜಿನ ಮೂರನೆಯ ಒಂದು ಪಾಲಿಗೂ ಇದು ಕಡಿಮೆ. ಆತನ ಪಟ್ಟಿಯಲ್ಲಿ ದೇವಾಲಯ, ಮಸೀದಿಗಳ ಎಣಿಕೆಯಿದೆ, ಜಾತಿಗಳ ಎಣಿಕೆಯೂ ಇದೆ. ಬ್ರಾಹ್ಮಣರಲ್ಲೇ ನೂರಕ್ಕೂ ಮಿಕ್ಕ ಪ್ರಭೇದಗಳು ನಮೂದಾಗಿವೆ. ಜಾತಿಗಳನ್ನು ಜನ ಹೇಳಿಕೊಂಡಂತೆ ಬರೆದುಕೊಂಡದ್ದರಿಂದ ಈ ಪಟ್ಟಿ ಅಸ್ತವ್ಯಸ್ತವಾಗಿ ಕಾಣುತ್ತದೆ. ಮುಂದಿನ ಸರ್ಕಾರಿ ಜನಗಣತಿಗಳ ಅಚ್ಚುಕಟ್ಟಾದ ವರ್ಗೀಕರಣಕ್ಕಿಂತ ಈ ಅಸ್ತವ್ಯಸ್ತತೆಯೇ ಸಮಾಜದ ಅಧ್ಯಯನಕ್ಕೆ ಹೆಚ್ಚು ಬೆಲೆಯುಳ್ಳದ್ದು.

ಕಾಶಿಯ ದೃಶ್ಯಗಳನ್ನು ಆತ ರೇಖಾಚಿತ್ರಗಳಲ್ಲೂ ಹಿಡಿದಿಟ್ಟನು. ೧೮೩೦ರ ದಶಕದ ಆರಂಭದಲ್ಲಿ ಭಾಗಭಾಗವಾಗಿ ಪ್ರಕಟವಾದ ಬನಾರಸ್ ಇಲ್ಲಸ್ಟ್ರೇಟೆಡ್ ಎಂಬ ಚಿತ್ರಸಂಪುಟದಲ್ಲಿ ಘಟ್ಟಗಳು, ಬೀದಿಗಳು, ಗ್ರಹಣಕಾಲದ ಸ್ನಾನದ ಜನಸಂದಣಿ, ಮೊಹರಮ್ಮಿನ ಮೆರವಣಿಗೆ ಎಲ್ಲವೂ ಇವೆ. ಹಳೆಯ ವಿಶ್ವೇಶ್ವರ ದೇವಾಲಯದ ತಳವಿನ್ಯಾಸವೊಂದನ್ನೂ ಆತ ಅಲ್ಲಿ ಕೊಟ್ಟನು. ಉಳಿದ ಗೋಡೆಗಳ ಅಳತೆಯನ್ನು ಆಧರಿಸಿ ಮಾಡಿದ ಪುನಾರಚನೆ ಅದು. ಆ ದೇವಾಲಯ ನಿಂತಿದ್ದಾಗ ಕಂಡು ಬರೆದದ್ದಲ್ಲ. ಮುಂದಿನ ಕಾಲದ ವಿವಾದಗಳಲ್ಲಿ ಈ ವಿನ್ಯಾಸ ಮತ್ತೆ ಮತ್ತೆ ಉಲ್ಲೇಖಗೊಂಡಿರುವುದರಿಂದ, ಅಳತೆ ಎಲ್ಲಿ ಮುಗಿದು ಊಹೆ ಎಲ್ಲಿ ತೊಡಗುತ್ತದೆ ಎಂಬುದನ್ನು ಸಂಶೋಧಕರು ಎಚ್ಚರದಿಂದ ಬೇರ್ಪಡಿಸಬೇಕಾಗಿದೆ.

ಟಂಕಸಾಲೆಯ ಕೆಲಸವೂ ನಿಲ್ಲಲಿಲ್ಲ. ಕುಲುಮೆಯ ಅಧಿಕ ತಾಪವನ್ನು ಅಳೆಯಲು ಚಿನ್ನ, ಬೆಳ್ಳಿ, ಪ್ಲಾಟಿನಮ್‌ಗಳ ಮಿಶ್ರಲೋಹಗಳು ಕರಗುವ ಹಂತಗಳನ್ನು ಬಳಸುವ ವಿಧಾನವನ್ನು ಆತ ರೂಪಿಸಿದನು. ಈ ಸಂಶೋಧನೆಯನ್ನು ಲಂಡನ್ನಿನ ರಾಯಲ್ ಸೊಸೈಟಿ ೧೮೨೮ರಲ್ಲಿ ಪ್ರಕಟಿಸಿ ಆತನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಕಾಶಿಯ ಹವಾಮಾನದ ದಿನಚರಿಯನ್ನೂ ಆತ ಇಟ್ಟಿದ್ದನು.

೧೮೩೦ರಲ್ಲಿ ಕಲ್ಕತ್ತೆಗೆ ಮರಳಿದ ಪ್ರಿನ್ಸೆಪ್ ೧೮೩೨ರಲ್ಲಿ ವಿಲ್ಸನ್‌ನ ಎರಡೂ ಸ್ಥಾನಗಳಿಗೆ, ಟಂಕಸಾಲೆಯ ಮುಖ್ಯ ಲೋಹಪರೀಕ್ಷಕತ್ವಕ್ಕೂ ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿತ್ವಕ್ಕೂ ಬಂದನು. ಗ್ಲೀನಿಂಗ್ಸ್ ಇನ್ ಸೈನ್ಸ್ ಎಂಬ ಪತ್ರಿಕೆ ಆತನ ಸಂಪಾದಕತ್ವದಲ್ಲಿ ಅದೇ ವರ್ಷ ಸೊಸೈಟಿಯ ನಿಯತಕಾಲಿಕವಾಗಿ ರೂಪಾಂತರಗೊಂಡಿತು. ಈ ಪತ್ರಿಕೆಯಲ್ಲಿ ಭೂವಿಜ್ಞಾನವೂ ಪುರಾತತ್ತ್ವವೂ ಅಕ್ಕಪಕ್ಕದಲ್ಲಿ ಬೆಳೆದವು. ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳನ್ನು ಕುರಿತು ಕಾಟ್ಲೆ ಮತ್ತು ಫಾಲ್ಕನರ್ ಅವರ ವರದಿಗಳು ಇಲ್ಲಿ ಬಂದವು. ೧೮೩೪ರಲ್ಲಿ ಸಹಾರನ್‌ಪುರದ ಬಳಿಯ ಬೇಹಟ್‌ನಲ್ಲಿ ಕಾಲುವೆಯ ಹೂಳೆತ್ತುವಾಗ ನೆಲಮಟ್ಟಕ್ಕಿಂತ ೧೭ ಅಡಿ ಕೆಳಗೆ ಹಳೆಯ ಊರೊಂದರ ಕುರುಹುಗಳೂ ನಾಣ್ಯಗಳೂ ದೊರೆತದ್ದನ್ನು ಕಾಟ್ಲೆ ತಿಳಿಸಿದನು. ಮೆಕ್ಕಲು ಮಣ್ಣಿನ ದಪ್ಪಕ್ಕೂ ನಾಣ್ಯದ ಕಾಲಕ್ಕೂ ಸಂಬಂಧವಿರಬಹುದೆಂಬ ಯೋಚನೆಗೆ ಇಂಥ ಶೋಧಗಳು ದಾರಿಮಾಡಿದವು. ಕಲ್ಕತ್ತೆಯ ಕೋಟೆಯಲ್ಲಿ ನೀರಿಗಾಗಿ ನಡೆದ ಆಳವಾದ ಕೊಳವೆ ಕೊರೆತದ ಉಸ್ತುವಾರಿ ಸಮಿತಿಯಲ್ಲೂ ಪ್ರಿನ್ಸೆಪ್ ಇದ್ದನು. ೧೮೪೦ರಲ್ಲಿ ೪೮೧ ಅಡಿಗೆ ನಿಂತ ಆ ಕೊರೆತದಲ್ಲಿ ತಳಬಂಡೆ ಸಿಗಲಿಲ್ಲ. ಸಿಕ್ಕಿದ್ದು ಮರಳು, ಜೇಡಿ, ಕೊಳೆತ ಸಸ್ಯಗಳ ಪದರ, ಮೂಳೆಯ ತುಣುಕುಗಳು. ಗಂಗೆಯ ಬಯಲು ಎಷ್ಟು ಆಳದ ಮೆಕ್ಕಲಿನ ಮೇಲೆ ಕುಳಿತಿದೆಯೆಂಬುದಕ್ಕೆ ದೊರೆತ ಮೊದಮೊದಲ ಪ್ರತ್ಯಕ್ಷ ಪುರಾವೆಗಳಲ್ಲಿ ಇದೊಂದು.

ಲಿಪಿಯ ಕೆಲಸ ಈ ಹಿನ್ನೆಲೆಯಲ್ಲೇ ನಡೆಯಿತು. ಗುಪ್ತರ ಕಾಲದ ಲಿಪಿಯನ್ನು ಚಾರ್ಲ್ಸ್ ವಿಲ್ಕಿನ್ಸ್ ಮೊದಲಾದವರು ಅಷ್ಟಿಷ್ಟು ಓದಿದ್ದರು; ಅದಕ್ಕಿಂತ ಹಳೆಯದು ಮೌನವಾಗಿತ್ತು. ೧೮೩೪ರಲ್ಲಿ ಅಲಹಾಬಾದ್ ಸ್ತಂಭದ ಪ್ರತಿ ಕೈಸೇರಿದಾಗ ಪ್ರಿನ್ಸೆಪ್ ಅಕ್ಷರಗಳನ್ನು ಎಣಿಸಿ ಪಟ್ಟಿಮಾಡಿದನು. ಒಂದೇ ವ್ಯಂಜನರೂಪಕ್ಕೆ ಬೇರೆಬೇರೆ ಸ್ವರಚಿಹ್ನೆಗಳು ಕ್ರಮವಾಗಿ ಸೇರುತ್ತವೆಂಬುದು ಅದರಿಂದ ಖಚಿತವಾಯಿತು. ದೆಹಲಿ ಮತ್ತು ಬಿಹಾರದ ಸ್ತಂಭಗಳ ಬರಹವೂ ಇದೇ ಎಂಬುದು ಪ್ರತಿಗಳನ್ನು ಒಟ್ಟಿಗಿಟ್ಟು ನೋಡಿದಾಗ ತಿಳಿಯಿತು. ೧೮೩೬ರಲ್ಲಿ ಕ್ರಿಸ್ಟಿಯನ್ ಲಾಸೆನ್ ಇಂಡೋ-ಗ್ರೀಕ್ ಅರಸ ಅಗಾಥೊಕ್ಲೀಸನ ದ್ವಿಭಾಷಾ ನಾಣ್ಯದಿಂದ ಕೆಲವು ಅಕ್ಷರಗಳನ್ನು ಗುರುತಿಸಿದ್ದನು. ಬೀಗ ತೆರೆದದ್ದು ೧೮೩೭ರಲ್ಲಿ ಸಾಂಚಿಯ ಗಿಡ್ಡ ಬರಹಗಳಿಂದ. ಸ್ತೂಪದ ಬೇಲಿಯ ಮೇಲಿನ ಆ ಸಾಲುಗಳಲ್ಲಿ ಹೆಚ್ಚಿನವು ಒಂದೇ ಎರಡು ಅಕ್ಷರಗಳಿಂದ ಮುಗಿಯುತ್ತಿದ್ದವು. ಭಕ್ತರು ಕೊಟ್ಟ ಕಾಣಿಕೆಯ ಸ್ಥಳದಲ್ಲಿ ಹೀಗೆ ಮರುಕಳಿಸುವ ಪದ ದಾನಂ ಇರಬೇಕೆಂದೂ, ಅದರ ಹಿಂದಿನ ಅಕ್ಷರ ಷಷ್ಠೀ ವಿಭಕ್ತಿಯ ಸಕಾರವೆಂದೂ ಪ್ರಿನ್ಸೆಪ್ ಊಹಿಸಿದನು. ಕಾಶಿಯ ಘಟ್ಟಗಳಲ್ಲಿ ಹತ್ತು ವರ್ಷ ದಾನದ ವ್ಯವಹಾರವನ್ನು ಕಂಡವನಿಗೆ ಈ ಊಹೆ ಸಹಜವಾಗಿಯೇ ಹೊಳೆದಿರಬೇಕು. ಕೆಲವೇ ವಾರಗಳಲ್ಲಿ ಅಕ್ಷರಮಾಲೆ ಸಿದ್ಧವಾಗಿ, ಫಿರೋಜ್ ಷಾ ತುಘಲಕ್ ದೆಹಲಿಗೆ ತರಿಸಿದ್ದ ಸ್ತಂಭದ ಶಾಸನ ಓದಿಗೆ ಬಂದಿತು.

ಈ ಸಾಧನೆಯನ್ನು ಒಬ್ಬನೇ ಮೇಧಾವಿಯ ಕಥೆಯಾಗಿ ಹೇಳುವ ವಾಡಿಕೆಯನ್ನು ಒಪ್ಪಲಾಗದು. ಶಬ್ದಗಳಿಗೆ ಅರ್ಥ ಕೊಟ್ಟವರು ಸೊಸೈಟಿಯ ಪಂಡಿತ ಕಮಲಾಕಾಂತ ಮತ್ತು ಪಾಲಿಯನ್ನು ಬಲ್ಲ ಸಿಂಹಳದ ರತ್ನಪಾಲ. ದೇವಾನಾಂಪಿಯ ಪಿಯದಸಿ ಎಂಬ ಅರಸನನ್ನು ಪ್ರಿನ್ಸೆಪ್ ಮೊದಲಿಗೆ ಸಿಂಹಳದ ದೊರೆಯೆಂದು ತಪ್ಪಾಗಿ ಗ್ರಹಿಸಿದ್ದನು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ದೀಪವಂಸದ ಆಧಾರದಿಂದ ಪಿಯದಸಿಯೇ ಅಶೋಕನೆಂದು ತೋರಿಸಿದನು. ೧೮೩೮ರಲ್ಲಿ ಗಿರನಾರ್ ಮತ್ತು ಧೌಲಿಯ ಬಂಡೆಶಾಸನಗಳನ್ನು ಓದುವಾಗ ಅಂತಿಯೋಕ, ತುರಮಾಯ ಮುಂತಾದ ಗ್ರೀಕ್ ಅರಸರ ಹೆಸರುಗಳು ಕಂಡು, ಅಶೋಕನ ಕಾಲ ಕ್ರಿ.ಪೂ. ಮೂರನೆಯ ಶತಮಾನವೆಂದು ನಿಂತಿತು.

ಅಷ್ಟರಲ್ಲಿ ಆತನ ದೇಹ ಸೋತಿತ್ತು. ೧೮೩೫ರಲ್ಲಿ ಹ್ಯಾರಿಯೆಟ್ ಆಬರ್ಟ್ ಎಂಬವಳನ್ನು ಮದುವೆಯಾಗಿದ್ದ ಆತನಿಗೆ ಒಬ್ಬ ಮಗಳಿದ್ದಳು. ಅದೇ ವರ್ಷ ಜಾರಿಗೆ ಬಂದ ಏಕರೂಪದ ಕಂಪನಿ ರೂಪಾಯಿಯ ಸುಧಾರಣೆಯ ಭಾರವೂ ಆತನ ಮೇಲಿತ್ತು. ತೀವ್ರವಾದ ತಲೆನೋವು, ಮರೆವು ಆವರಿಸಿದವು. ೧೮೩೮ರ ಅಕ್ಟೋಬರಿನಲ್ಲಿ ಹಡಗು ಹತ್ತಿದ ಪ್ರಿನ್ಸೆಪ್ ಲಂಡನ್ನಿನಲ್ಲಿ ೧೮೪೦ರ ಏಪ್ರಿಲ್ ೨೨ರಂದು ತೀರಿಕೊಂಡನು. ವಯಸ್ಸು ನಲವತ್ತು. ಕಲ್ಕತ್ತೆಯ ನಾಗರಿಕರು ಹೂಗ್ಲಿಯ ದಂಡೆಯಲ್ಲಿ ಆತನ ಹೆಸರಿನ ಘಟ್ಟವನ್ನು ಕಟ್ಟಿಸಿದರು.

ಆತನ ನಂತರದ ಕಾಶಿಯ ಶೋಧಗಳನ್ನು ನೋಡಿದಾಗ ಒಂದು ವಿಪರ್ಯಾಸ ಎದ್ದು ಕಾಣುತ್ತದೆ. ಪ್ರಿನ್ಸೆಪ್ ವಾಸವಿದ್ದ ನಗರದಿಂದ ಸುಮಾರು ೧೦ ಕಿಲೋಮೀಟರ್ ದೂರದ ಸಾರನಾಥದಲ್ಲಿ, ಆತ ಮುಂದೆ ಓದಲಿದ್ದ ಲಿಪಿಯಲ್ಲೇ ಬರೆದ ಅಶೋಕಸ್ತಂಭ ಮಣ್ಣಿನಡಿಯಲ್ಲಿತ್ತು. ಅದು ಹೊರಬಂದದ್ದು ೧೯೦೪-೦೫ರ ಉತ್ಖನನದಲ್ಲಿ. ನಗರದೊಳಗಿನ ಲಾಟ್ ಭೈರವದ ಕಂಬ ೧೮೦೯ರ ಗಲಭೆಯಲ್ಲಿ ಮುರಿದು, ಆತ ಬರುವ ವೇಳೆಗೆ ಬರಿಯ ಮೋಟಾಗಿತ್ತು. ಅದೂ ಅಶೋಕನದಿರಬಹುದೆಂಬ ಅಭಿಪ್ರಾಯ ವಿದ್ವಾಂಸರಲ್ಲಿದೆ. ಆ ಸ್ತಂಭಗಳ ಕಲ್ಲು ಬಹುಮಟ್ಟಿಗೆ ಚುನಾರಿನದೆಂದು ತಜ್ಞರು ಗುರುತಿಸಿದ್ದಾರೆ. ವರಣೆ ಗಂಗೆಯನ್ನು ಸೇರುವ ಕಡೆಯ ರಾಜಘಾಟ್ ದಿಬ್ಬದಲ್ಲಿ ಮೊದಲ ವಸತಿಯ ಕುರುಹುಗಳು ದೊರೆತದ್ದು ೧೯೩೯-೪೦ರಲ್ಲಿ, ರೈಲುನಿಲ್ದಾಣದ ವಿಸ್ತರಣೆಗಾಗಿ ನೆಲ ಅಗೆದಾಗ. ಅನಂತರ ಕಾಶೀ ಹಿಂದೂ ವಿಶ್ವವಿದ್ಯಾಲಯದ ಎ.ಕೆ. ನಾರಾಯಣ್ ಅವರ ನೇತೃತ್ವದ ಉತ್ಖನನಗಳು ಅಲ್ಲಿನ ವಸತಿಯನ್ನು ಕ್ರಿ.ಪೂ. ೮೦೦ರ ಸುಮಾರಿಗೆ ಒಯ್ದವು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ವಿದುಲಾ ಜಾಯಸ್ವಾಲ್ ಅವರು ಅಕಥಾ ಮತ್ತು ರಾಮನಗರಗಳಲ್ಲಿ ನಡೆಸಿದ ಉತ್ಖನನಗಳು ಈ ಪರಿಸರದ ವಸತಿ ಇನ್ನೂ ಹಿಂದಿನದೆಂಬ ವಾದಕ್ಕೆ ಆಧಾರ ಒದಗಿಸಿವೆ. ವಸತಿಗಳು ಎಲ್ಲಿ ಏಕೆ ನೆಲೆಗೊಂಡವೆಂಬುದನ್ನು ಚರ್ಚಿಸುವಾಗಲೆಲ್ಲ ಏಣು, ತಗ್ಗು, ಕೆರೆಗಳ ಪ್ರಶ್ನೆ ಮರಳಿ ಬರುತ್ತದೆ; ಅದರೊಂದಿಗೆ ೧೮೨೨ರ ನಕ್ಷೆಯೂ ಮರಳಿ ಬರುತ್ತದೆ.

ಕರ್ನಾಟಕದ ಅಶೋಕನ ಶಾಸನಗಳಲ್ಲಿ ಒಂದನ್ನೂ ಪ್ರಿನ್ಸೆಪ್ ಕಂಡಿರಲಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು ಪತ್ತೆಹಚ್ಚಿದ್ದು ೧೮೯೨ರಲ್ಲಿ. ಟರ್ನರ್ ಗ್ರಂಥಾಧಾರದಿಂದ ಹೇಳಿದ್ದಕ್ಕೆ ಶಿಲೆಯ ಸಾಕ್ಷ್ಯ ದೊರೆತದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ೧೯೧೫ರಲ್ಲಿ. ಅಲ್ಲಿ ದೇವಾನಾಂಪಿಯನ ಜೊತೆ ಅಶೋಕನೆಂಬ ಹೆಸರು ಸ್ಪಷ್ಟವಾಗಿದೆ. ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉದೇಗೋಳಗಳಲ್ಲೂ ಆ ಹೆಸರು ಆಮೇಲೆ ಸಿಕ್ಕಿತು. ಭೀಮಾತೀರದ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ರಾಯೋ ಅಶೋಕೋ ಎಂಬ ಬರಹವಿರುವ ಶಿಲ್ಪವೇ ದೊರೆತಿದೆ. ಬ್ರಹ್ಮಗಿರಿಯ ಗುಂಪಿನ ಶಾಸನಗಳನ್ನು ಬರೆದ ಚಪಡನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನೆಂಬ ಪದವನ್ನು ವಾಯವ್ಯದ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಆ ಖರೋಷ್ಠಿಯ ಹಲವು ಅಕ್ಷರಗಳನ್ನೂ ಇಂಡೋ-ಗ್ರೀಕ್ ನಾಣ್ಯಗಳ ನೆರವಿನಿಂದ ಬಿಡಿಸಿದವರಲ್ಲಿ ಪ್ರಿನ್ಸೆಪ್ ಒಬ್ಬನು. ೧೮೩೮ರಲ್ಲಿ ಹಡಗು ಹತ್ತುವಾಗ ಆ ಕೆಲಸ ಅರ್ಧಕ್ಕೆ ನಿಂತಿತ್ತು.